ಕಾಕಾನ ಒಂದು ರೂಪಾಯಿ ನಾಣ್ಯ

ಕಾಕಾ ಕಿಟಕಿಯ ಮೂಲೆಗೆ ಹೋಗಿ ನಿಂತರು. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಹೊಸ ಬಣ್ಣದ ಮೇಲೆ ಮೆಲ್ಲಗೆ ಕೆರೆದರು. ಗೋಡೆಗೆ ಮೆತ್ತಿದ್ದ ಪುಟ್ಟಿ ಪುಡಿಪುಡಿಯಾಗಿ ಉದುರಿತು. ಒಳಗಿದ್ದ ಬಿರುಕು ಕಿಟಕಿ ಮೂಲೆಯಿಂದ ಛತ್ತಿನ ಕಡೆಗೆ ಓರೆಯಾಗಿ ಏರಿಹೋಗಿತ್ತು. ನಾಣ್ಯ ಅರ್ಧ ಒಳಗೆ ಇಳಿಯಿತು. ಏಜೆಂಟ್ ಫೋನ್ ನೋಡುತ್ತ ಹೊರಗೆ ನಡೆದ.

ಸೇಡಂ ರಸ್ತೆಯ ಆ ಮನೆಗೆ ಕೇಳಿದ್ದು 52 ಲಕ್ಷ.

ಕಲಬುರಗಿಯಲ್ಲಿ ನಾವು ಸ್ವಂತ ಮನೆ ಹುಡುಕಲು ಶುರು ಮಾಡಿ ಒಂಬತ್ತು ತಿಂಗಳಾಯಿತು. ನಾನು ಪ್ರೌಢಶಾಲೆ ಶಿಕ್ಷಕಿ. ಈಗಿರುವ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯುವುದೆಂದರೆ ಹೆದರುತ್ತಾಳೆ. ಈ ಸಲ ಶ್ರಾವಣದಲ್ಲೂ ಶರಣಬಸವೇಶ್ವರ ಗುಡಿಗೆ ಹೋಗಲಿಲ್ಲ.

ಕಾಕಾ ನಲವತ್ತು ವರ್ಷ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿದವರು. ಅವರಿಲ್ಲದೆ ನಾನು ಯಾವ ಮನೆಯನ್ನೂ ನೋಡುವುದಿಲ್ಲ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಎರಿ ಅಗೆದು ತೆಗೆದು, ಗರಸು (ಗಟ್ಟಿ ಜಲ್ಲಿ ಮಣ್ಣು) ತುಂಬಿ ಬಡಿದು, ಬುನಾದಿ ಮೇಲೆ ಬೀಮ್ ಕೊಟ್ಟಿದ್ದರೆ ಮನೆ ತಡೆಯುತ್ತದೆ. ಮಾರಲಿಕ್ಕೆಂದೇ ಕಟ್ಟುವವರು ಬಹಳ ಮಂದಿ ಅಲ್ಲೇ ಖರ್ಚಿಗೆ ಕೈ ಬಿಗಿ ಹಿಡಿಯುತ್ತಾರೆ. ನೆಲದ ಕೆಳಗಿನ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ಉಳಿಸಿದ ದುಡ್ಡು ಫಾಲ್ಸ್ ಸೀಲಿಂಗ್‌ಗೆ, ಬಣ್ಣದ ಲೈಟಿಗೆ ಹೋಗುತ್ತದೆ.

"ಮನಿ ನೋಡೂದಿದ್ರ ಮೇ ತಿಂಗಳಾಗ ನೋಡಬೇಕವ್ವಾ. ಭೂಮಿ ಬಾಯಿ ಬಿಟ್ಟಾಗ ಗೋಡಿ ಸುಳ್ಳ ಹೇಳಂಗಿಲ್ಲ" ಅಂತಾರೆ ಕಾಕಾ.

ಬಿರುಕಿಲ್ಲದ ಮನೆಯೂ ಒಂದು ಸಿಕ್ಕಿತ್ತು. ಜೇವರ್ಗಿ ರಸ್ತೆಯ ಕಡೆ, ಅದಕ್ಕೂ 52 ಲಕ್ಷವೇ. ಎಲ್ಲ ಒಪ್ಪಿಗೆಯಾಗಿ ಚಹಾ ಕುಡಿದ ಮೇಲೆ ಮಾಲೀಕರು, "ಖರೀದಿ ಪತ್ರದಾಗ 30 ಲಕ್ಷ ತೋರಸೋಣ್ರಿ, ಉಳಿದ 22 ನಗದು ಕೊಟ್ಟಬಿಡ್ರಿ" ಅಂದರು. ಬ್ಯಾಂಕು ಸಾಲ ಕೊಡುವುದು ಪತ್ರದಲ್ಲಿ ಬರೆದ ಬೆಲೆ ನೋಡಿ. 30ಕ್ಕೆ ಶೇ. 90ರಷ್ಟು ಸಿಕ್ಕರೂ 27 ಲಕ್ಷ. ಮಿಕ್ಕ 25 ಲಕ್ಷ ನಾನು ಎಲ್ಲಿಂದ ತರಲಿ? ಪೂರ್ತಿ 52 ಬರೆದರೆ ಶೇ. 80ರಂತೆ 41 ಲಕ್ಷ 60 ಸಾವಿರದವರೆಗೆ ಸಾಲ ಬರುತ್ತದೆ. ಮುದ್ರಾಂಕ ಶುಲ್ಕ ಶೇ. 5. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 2 ಮಾಡಿದ್ದಾರೆ. ಎಲ್ಲ ಸೇರಿ ನನ್ನ ಕೈಯಿಂದ 14 ಲಕ್ಷದ ಮೇಲೆ. ನಾವು ಕೂಡಿಟ್ಟದ್ದು 15. ಹೇಗೋ ಆಗುತ್ತಿತ್ತು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ ಎಂದು ಕಾನೂನೇ ಇದೆ, ಅದನ್ನೂ ಹೇಳಿದೆ. "ಎಲ್ಲಾರೂ ಹಿಂಗೇ ಮಾಡ್ತಾರ್ರಿ ಮೇಡಂ" ಅಂದರು. ಪಗಾರದ ಮೇಲೆ ಬದುಕುವವರು, ತೆರಿಗೆ ಕಟ್ಟಿದ ದುಡ್ಡು ಬಿಟ್ಟು ಬೇರೆ ದುಡ್ಡಿಲ್ಲದವರು ಈ ಊರಲ್ಲಿ ಮನೆ ಕೊಳ್ಳುವುದು ಹೇಗೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ಸಾಲ ನನ್ನದು, ಸಹಿ ನನ್ನದು. ಆದರೂ ಏಜೆಂಟರು ರೇಟ್ ಹೇಳುವುದು ಕಾಕಾನ ಮುಖ ನೋಡಿ. "ಸಾಹೇಬ್ರು ಬಂದಿಲ್ಲೇನ್ರಿ?" ಅಂತ ಒಬ್ಬರಾದ ಮೇಲೆ ಒಬ್ಬರು ಕೇಳಿದ್ದಾರೆ. ನನಗೆ ಇದರಿಂದ ನೋವಾಗುತ್ತದೆ.

ಹೋದ ತಿಂಗಳು ಬ್ರಹ್ಮಪುರದಲ್ಲಿ ಒಂದು ಹಳೇ ಮನೆ ನೋಡಿದೆವು. ಓಣಿ ಸಣ್ಣದು, ಕಾರು ಬರುವುದಿಲ್ಲ. ಒಳಗೆ ನೆಲಕ್ಕೆ ಪೂರ್ತಿ ಶಹಾಬಾದ ಕಲ್ಲಿನ ಪರಸಿ, ಕಾಲಿಟ್ಟರೆ ತಂಪು. ಗೋಡೆಯಲ್ಲಿ ಎರಡು ಕಡೆ ಬಿರುಕಿತ್ತು. ಅದನ್ನು ಯಾರೂ ಮುಚ್ಚಿರಲಿಲ್ಲ, ಅಂಚಿಗೆ ಹೊಗೆ ಹಿಡಿದು ಕಪ್ಪಾಗಿತ್ತು. ಕಾಕಾ ಬೆರಳಾಡಿಸಿ ನೋಡಿ, "ಇದು ಕುಂದ್ರೂದು ಕುಂತದ, ಇನ್ನ ಅಲ್ಲಾಡಂಗಿಲ್ಲ" ಅಂದರು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತವಳು ಏಳಲೊಲ್ಲಳು.

ಆದರೆ ಆ ಮನೆಗೆ ನಾಲ್ವರು ಅಣ್ಣತಮ್ಮಂದಿರು. ವಾಟ್ನಿ, ಅಂದರೆ ಆಸ್ತಿ ಪಾಲು, ಆಗಿಲ್ಲ. ಮೂವರು ಸಹಿಗೆ ತಯಾರು, ಪುಣೆಯಲ್ಲಿರುವ ಕಿರಿಯವರು ದೀಪಾವಳಿ ಆಗಲಿ ಅನ್ನುತ್ತಿದ್ದಾರೆ. ಎರಡು ಸಲ ಫೋನ್ ಮಾಡಿದ್ದೇನೆ. ಭಾನುವಾರ ಮತ್ತೆ ಮಾಡಬೇಕು. ಈ ಸಲ ಅವ್ವ ತಾನೇ ಮಾತಾಡುತ್ತಾಳಂತೆ.