ಕೈ ಬಿಗಿ, ಕೈ ಸಡಿಲ: ಕಂಬಕ್ಕೆ ಉಲ್ಲನ್ ಹೊದಿಸುವಾಗ ಕಲಿತದ್ದು

ತುಮಕೂರಿನಲ್ಲಿ ಹೆಂಗಸರಿಗೆ ಹೊಲಿಗೆ, ಕ್ರೋಶಾ ಕಲಿಸುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಸೀರೆಗೆ ಕುಚ್ಚು ಹಾಕಿ ನಾಲ್ಕು ಕಾಸು ಮಾಡಿಕೊಳ್ಳೋಣ ಅಂತ ಬರುತ್ತಾರೆ. ಇವರನ್ನೇ ಸೇರಿಸಿಕೊಂಡು ಒಂದು ಶಾಲೆಯ ಜಗುಲಿ ಕಂಬಗಳಿಗೂ ಅಂಗಳದ ಹೊಂಗೆ ಮರಕ್ಕೂ ಉಲ್ಲನ್ ಹೊದಿಸುವ ಕೆಲಸ ನನ್ನ ಪಾಲಿಗೆ ಬಂತು. ಇದಕ್ಕೆ ಯಾರ್ನ್ ಬಾಂಬಿಂಗ್ ಅಂತಾರೆ, ಕೇಳಿರಬಹುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಗ್ಡಾ ಸಾಯೆಗ್ ಎಂಬಾಕೆ 2005ರಲ್ಲಿ ತನ್ನ ಅಂಗಡಿ ಬಾಗಿಲಿನ ಹಿಡಿಕೆಗೆ ಹೆಣಿಗೆಯ ಕವಚ ತೊಡಿಸಿದ ಮೇಲೆ ಇದು ಊರೂರಿಗೆ ಹಬ್ಬಿತು. ಫೋಟೋ ತೋರಿಸಿದಾಗ ನಮ್ಮವರು, "ಬಾಗಿಲ ತೋರಣಾನ ಕಂಬಕ್ಕೆ ಸುತ್ತಿದಂಗೆ, ಅಲ್ವಾ ಮೇಡಂ?" ಅಂದರು. ಅಷ್ಟೇ. ಇದಕ್ಕಿಂತ ಜಾಸ್ತಿ ವಿವರಣೆ ಬೇಕಾಗಲೇ ಇಲ್ಲ.

ಒಬ್ಬೊಬ್ಬರೂ ಚೌಕ ಚೌಕವಾಗಿ ಹೆಣೆದು ತರುವುದು, ಆಮೇಲೆ ಅವನ್ನು ಜೋಡಿಸಿ ಹೊದಿಕೆ ಮಾಡುವುದು. ತಲೆನೋವು ಅಳತೆಯದು. ಎಲ್ಲರಿಗೂ ಒಂದೇ ನಂಬರಿನ ಕಡ್ಡಿ, ಒಂದೇ ಅಂಗಡಿಯ ಉಲ್ಲನ್. ಎಷ್ಟು ಚೈನ್, ಎಷ್ಟು ಸಾಲು ಅಂತ ಬರೆದೂ ಕೊಟ್ಟಿದ್ದೆ. ಆದರೂ ಬಂದ ಚೌಕಗಳನ್ನು ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುತ್ತಿರಲಿಲ್ಲ. ಕುಚ್ಚು ಹಾಕುವವರ ಕೈ ಬಿಗಿ. ರೇಷ್ಮೆ ದಾರ ಜಾರುತ್ತದೆ, ಎಳೆದು ಹಿಡಿದರೇ ನಿಲ್ಲುವುದು. ಆ ಅಭ್ಯಾಸ ಉಲ್ಲನ್‌ಗೂ ಬರುತ್ತದೆ, ಚೌಕ ಗಟ್ಟಿಯಾಗಿ ಚಿಕ್ಕದಾಗುತ್ತದೆ. ತೋರಣ, ಟೇಬಲ್ ಕ್ಲಾತ್ ಮಾಡಿ ರೂಢಿಯಾದವರ ಕೈ ಸಡಿಲ. ಇನ್ನು ಕೆಲವರದು ಶುರುವಲ್ಲಿ ಬಿಗಿ, ಮಾತು ಏರಿದಂತೆ ಸಡಿಲ. ಟಿವಿ ಧಾರಾವಾಹಿ ನೋಡುತ್ತಾ ಹೆಣೆದ ಚೌಕ ನನಗೆ ಈಗ ದೂರದಿಂದಲೇ ಗೊತ್ತಾಗುತ್ತದೆ. ಅತ್ತೆ ಸೊಸೆ ಜಗಳದ ಹೊತ್ತಿಗೆ ಬಂದ ಸಾಲು ಬಿಗಿಯೋ ಬಿಗಿ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದಿದೆ. ಬಿಗಿ ಕೈಯವರಿಗೆ 4 ಮಿಲಿಮೀಟರ್ ಬದಲು 5ರ ಕಡ್ಡಿ ಕೊಡಿ, ಸಡಿಲದವರಿಗೆ ಸಣ್ಣದು ಕೊಡಿ ಅಂತ. ಒಬ್ಬರೇ ಕೂತು ಸ್ವೆಟರ್ ಹೆಣೆಯುವುದಾದರೆ ಸರಿ. ಗುಂಪಿನ ಕೆಲಸಕ್ಕೆ ಇದು ಸಾಲದು. ಹೊಸ ಕಡ್ಡಿಗೆ ಕೈ ಒಗ್ಗಿದ ಮೇಲೆ ಅಳತೆ ಮತ್ತೆ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಅಕ್ಕನಿಗೆ "ನಿಮ್ಮ ಕೈ ಸರಿಯಿಲ್ಲ" ಅಂದರೆ ಅವರು ಮರುದಿನ ಬರುವುದಿಲ್ಲ. ಬರಬಾರದು ಕೂಡ.

ನಾನು ಕೈ ತಿದ್ದಲು ಹೋಗುವುದಿಲ್ಲ, ಚೌಕಗಳನ್ನು ವಿಂಗಡಿಸುತ್ತೇನೆ. ಚಿಕ್ಕವು, ನಡುವಿನವು, ದೊಡ್ಡವು ಅಂತ ಮೂರು ರಾಶಿ. ಮರದ ಬುಡ ದಪ್ಪ, ಮೇಲೆ ಹೋದಂತೆ ಸಪೂರ. ಹಾಗಾಗಿ ಸಡಿಲ ಕೈಯವರ ಚೌಕ ಬುಡಕ್ಕೆ, ಬಿಗಿ ಕೈಯವರದು ಮೇಲಕ್ಕೆ. ನೆಟ್ಟಗಿನ ಕಂಬದಲ್ಲೂ ಇದೇ ಲೆಕ್ಕ. ಹೊದಿಕೆ ತನ್ನ ಭಾರಕ್ಕೇ ಕೆಳಗೆ ಜಾರುತ್ತದೆ, ಅದನ್ನು ತಡೆಯುವುದು ಮೇಲಿನ ಬಿಗಿ ಪಟ್ಟಿ. ಹೊದಿಕೆಯ ಅಗಲ ಕಂಬದ ಸುತ್ತಳತೆಗಿಂತ ಸ್ವಲ್ಪ ಕಡಿಮೆಯೇ ಇರಬೇಕು, ಎಳೆದು ಹೊಲಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಎರಡು ಕಡ್ಡಿಯ ಹೆಣಿಗೆ ಚೆನ್ನಾಗಿ ಹಿಗ್ಗುತ್ತದೆ, ಕ್ರೋಶಾ ಅಷ್ಟು ಹಿಗ್ಗುವುದಿಲ್ಲ. ಹತ್ತಿ ದಾರವಂತೂ ಬೇಡ. ಒಂದು ಮಳೆಗೆ ನೀರು ಕುಡಿದು ಜೋತು ಬೀಳುತ್ತದೆ.

ಒಬ್ಬರ ಚೌಕಗಳು ಚಪ್ಪಟೆಯಾಗಿ ಕೂರುತ್ತಲೇ ಇರಲಿಲ್ಲ. ಪ್ರತಿ ಸಾಲಿಗೂ ಹೊಲಿಗೆ ಜಾಸ್ತಿ ಹಾಕುತ್ತಿದ್ದರು, ಅಂಚೆಲ್ಲಾ ನೆರಿಗೆ. ಬಿಚ್ಚಿ ಅನ್ನಲು ಮನಸ್ಸಾಗಲಿಲ್ಲ. ಹೀಗೆ ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತಾ ಹೋಗುವ ಕ್ರೋಶಾದಿಂದಲೇ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಹೈಪರ್ಬೋಲಿಕ್ ಮೇಲ್ಮೈಯ, ಅಂದರೆ ಅಂಚಿಗೆ ಹೋದಂತೆ ನೆರಿಗೆಗಟ್ಟುವ ಮೇಲ್ಮೈಯ, ಮಾದರಿ ಮಾಡಿ ತೋರಿಸಿದ್ದರು. ಆಮೇಲೆ ಮಾರ್ಗರೆಟ್, ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರು ಅದೇ ನೆರಿಗೆಯಿಂದ ಉಲ್ಲನ್ನಿನ ಹವಳದ ದಿಬ್ಬ ಕಟ್ಟಿದರು. ನಮ್ಮ ಹೊಂಗೆ ಮರದ ಕೊಂಬೆ ಒಡೆಯುವ ಜಾಗಕ್ಕೆ ಆ ನೆರಿಗೆಗಳು ಸರಿಯಾಗಿ ಕೂತವು. ಚಪ್ಪಟೆ ಚೌಕ ಅಲ್ಲಿ ಸುಕ್ಕುಗಟ್ಟುತ್ತಿತ್ತು.

ಇಷ್ಟೆಲ್ಲಾ ವಿಂಗಡಿಸಿದರೂ ಕೊನೆಗೆ ಕೆಲಸ ನಿಂತಿರುವುದು ಜೋಡಿಸುವವರ ಮೇಲೆ. ಡೆನ್ಮಾರ್ಕ್‌ನ ಕಲಾವಿದೆ ಮರಿಯಾನ್ ಯೋರ್ಗನ್ಸನ್ 2006ರಲ್ಲಿ ಇರಾಕ್ ಯುದ್ಧದ ವಿರುದ್ಧ ಒಂದು ಟ್ಯಾಂಕ್‌ಗೆ ಗುಲಾಬಿ ಹೊದಿಕೆ ಹಾಕಿದ್ದರು. 15 ಸೆಂಟಿಮೀಟರಿನ 4000ಕ್ಕೂ ಹೆಚ್ಚು ಚೌಕಗಳು, ಬೇರೆ ಬೇರೆ ದೇಶದವರು ಮಾಡಿದ್ದು. "ಟ್ಯಾಂಕಿಗೆ ಸ್ವೆಟರಾ!" ಅಂತ ನಮ್ಮವರು ಮೊದಲು ನಕ್ಕರು. ಆಮೇಲೆ ಒಬ್ಬರು ಫೋನನ್ನು ಹತ್ತಿರ ಹಿಡಿದು ಕೇಳಿದರು, "ಇದನ್ನ ಜೋಡಿಸಿದ್ದು ಯಾರು?" ಬಲ್ಲವರ ಪ್ರಶ್ನೆ. ದೊಡ್ಡ ಚೌಕದ ಅಂಚನ್ನು ಚಿಕ್ಕದಕ್ಕೆ ಸೇರಿಸುವಾಗ ಒಮ್ಮೊಮ್ಮೆ ಎರಡು ಕುಣಿಕೆಗೆ ಒಂದೇ ಹೊಲಿಗೆ ಹಾಕಬೇಕು, ಹಾಕಿದ್ದು ಕಾಣಬಾರದು. ಎಲ್ಲರ ಕೈಯ ಹೆಚ್ಚುಕಡಿಮೆಯನ್ನೂ ಜೋಡಿಸುವವರೇ ನುಂಗಿಕೊಳ್ಳುವುದು. ಆದರೆ ದುಡ್ಡು ಕೊಟ್ಟ ಸಂಸ್ಥೆಯ ಲೆಕ್ಕದಲ್ಲಿ ಚೌಕಕ್ಕೆ ಇಷ್ಟು ಅಂತ ಮಾತ್ರ ಇತ್ತು. ಜೋಡಣೆಗೆ ಕಾಸಿಲ್ಲ. "ಅದು ಎಲ್ಲರೂ ಸೇರಿ ಮಾಡೋದಲ್ವಾ" ಅಂದರು. ಎಲ್ಲರೂ ಸೇರಿ ಜೋಡಿಸಿದರೆ ಏನಾಗುತ್ತದೆ ಅಂತ ಒಂದು ಕಂಬದಲ್ಲೇ ತೋರಿಸಿದೆ. ಸೊಟ್ಟಗೆ ತಿರುಚಿಕೊಂಡು ನಿಂತಿತು.

ಬಿಚ್ಚುವ ದಿನವನ್ನು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಉಲ್ಲನ್ ಬಹುಪಾಲು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಕೊಳೆಯುವುದಿಲ್ಲ, ಚಿಂದಿಯಾಗಿ ನೇತಾಡುತ್ತದೆ. ತೊಗಟೆಯ ಮೇಲೆ ಒದ್ದೆ ಹೊದಿಕೆ ಬಹಳ ದಿನ ಇದ್ದರೆ ಮರಕ್ಕೂ ಒಳ್ಳೆಯದಲ್ಲ, ಒಳಗೆ ಹುಳ ಸೇರುತ್ತವೆ. ನಾವು ಚಳಿಗಾಲ ಮುಗಿಯುವಾಗ ಕಟ್ಟಿ, ಮೇ ತಿಂಗಳ ಮಳೆಗೆ ಮುಂಚೆ ತೆಗೆದೆವು. ಜೋಡಣೆಗೆ ಬೇರೆ ಬಣ್ಣದ ದಾರ ಬಳಸಿ, ಕತ್ತರಿ ಎಲ್ಲಿ ಹಾಕಬೇಕು ಅಂತ ಥಟ್ಟನೆ ಕಾಣುತ್ತದೆ. ಕರೆಂಟು ಕಂಬದ ತಂಟೆಗೆ ಹೋಗಲೇಬೇಡಿ.

ಮುಂದಿನ ಸಲಕ್ಕೆ ಶಿರಾ ಕಡೆಯ ಕಂಬಳಿ ಉಣ್ಣೆ ಬಳಸೋಣ ಅಂತ ಯೋಚನೆಯಿದೆ. ಕಪ್ಪು, ಒರಟು, ಕ್ರೋಶಾ ಕಡ್ಡಿಗೆ ಸುಲಭವಾಗಿ ಬಗ್ಗುವುದಿಲ್ಲ. ಕುಚ್ಚಿನವರು ಈಗಲೇ ಮುಖ ಸಿಂಡರಿಸಿದ್ದಾರೆ. ಖರ್ಚಿನ ಪಟ್ಟಿಯಲ್ಲಿ ಜೋಡಣೆಗೆ ದಿನಗೂಲಿ ಅಂತ ಬೇರೆ ಸಾಲು ಹಾಕಿ ಕಳಿಸಿದ್ದೇನೆ. ಒಪ್ಪಿಗೆ ಇನ್ನೂ ಬಂದಿಲ್ಲ.