ಜಗಲಿ ಮೇಲೆ ಮರೆತ ಕ್ಯಾಮೆರಾ

14 ಜುಲೈ 2024, ಭಾನುವಾರ, ಸಾಗರ

ಬೆಳಗ್ಗೆಯಿಂದ ಒಂದೇ ಸಮ ಮಳೆ. ಮನೆಯ ಹಳೇ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಕರೆಂಟ್ ಹೋಗದಿರಲಪ್ಪಾ ಅಂತ ಬೇಡಿಕೊಂಡೇ ಇವತ್ತಿನ ಟೇಪ್ ಹಾಕಿದೆ. ಇದು ಪೆನ್‌ಡ್ರೈವ್ ಕಾಪಿ ಮಾಡಿದ ಹಾಗಲ್ಲ, 90 ನಿಮಿಷದ ಟೇಪ್ ಕಂಪ್ಯೂಟರಿಗೆ ಬರಲು 90 ನಿಮಿಷವೇ ಬೇಕು.

ಒಟ್ಟು 9 ಟೇಪ್, ಎಲ್ಲ ಹೈ8 ಅನ್ನುವ ಪುಟ್ಟ ವಿಡಿಯೋ ಕ್ಯಾಸೆಟ್ಟುಗಳು. ಮಾವ ಮಸ್ಕತ್‌ನಿಂದ ತಂದಿದ್ದ ಹ್ಯಾಂಡಿಕ್ಯಾಮ್‌ನವು. ಎರಡಕ್ಕೆ ಬೂಷ್ಟು ಹಿಡಿದಿದೆ, ಬೆಳಕಿಗೆ ಹಿಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಅವನ್ನು ಬೇರೆ ಇಟ್ಟೆ. ಹಾಗೇ ಹಾಕಿದರೆ ಬೂಷ್ಟು ಕ್ಯಾಮೆರಾದೊಳಗೆ ಟೇಪ್ ಓದುವ ಹೆಡ್‌ಗೆ ಅಂಟಿ ಒಳ್ಳೆ ಟೇಪುಗಳಿಗೂ ದಾಟುತ್ತದೆ. ಮಲೆನಾಡಿನ ಮನೆಗಳಲ್ಲಿ ಹಳೇ ಟೇಪ್ ಇಟ್ಟುಕೊಂಡವರು ದಯವಿಟ್ಟು ಒಮ್ಮೆ ತೆಗೆದು ನೋಡಿ.

ಕಳೆದ ವಾರ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಲು ಅಗ್ಗದ ಯುಎಸ್‌ಬಿ ಡಾಂಗಲ್ ಹಾಕಿ ಸೋತಿದ್ದೆ. ಅರ್ಧ ಗಂಟೆ ಆಗುವಷ್ಟರಲ್ಲಿ ತುಟಿ ಅಲ್ಲಾಡಿದ ಮೇಲೆ ಮಾತು ಕೇಳಿಸುತ್ತಿತ್ತು. ಈ ಸಲ ಗೆಳೆಯನ ಹತ್ತಿರ ಹೈ8ರ ನಂತರ ಬಂದ ಡಿಜಿಟಲ್8 ಬಗೆಯ ಕ್ಯಾಮೆರಾ ಇಸ್ಕೊಂಡು ಬಂದೆ. ಅದರ ಕೆಲವು ಮಾಡೆಲ್‌ಗಳು ಹೈ8 ಟೇಪನ್ನೂ ಓದುತ್ತವೆ, ಓದುತ್ತಲೇ ಡಿಜಿಟಲ್ ಮಾಡಿ ಫೈರ್‌ವೈರ್ ಅನ್ನುವ ಹಳೇ ಬಗೆಯ ಕೇಬಲ್ಲಿನಲ್ಲಿ ಕಳಿಸುತ್ತವೆ, ಚಿತ್ರವೂ ಮಾತೂ ಜೊತೆಗೇ ಬರುತ್ತವೆ. ಒಂದು ಗಂಟೆಯ ವಿಡಿಯೋಗೆ ಸುಮಾರು 13 ಜಿಬಿ ಜಾಗ ಬೇಕು. ಫೈರ್‌ವೈರ್ ಕಾರ್ಡ್ ಇರುವ ಹಳೇ ಡೆಸ್ಕ್‌ಟಾಪನ್ನು ಅದಕ್ಕೇ ಅಟ್ಟದಿಂದ ಇಳಿಸಿದ್ದು.

ಇವತ್ತಿನದು ನಾಲ್ಕನೇ ಟೇಪ್. ಚಿತ್ರದ ಮೂಲೆಯಲ್ಲಿ 12.5.1996 ಅಂತಿದೆ. ಅಂಗಳದ ಚಾಪೆ ತುಂಬ ಹಲಸಿನ ಹಪ್ಪಳ. ಅಜ್ಜಿ ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಸುಮ್ಮನಾಗಿಬಿಡುತ್ತಾರೆ. ಹಿಂದಿನ ಮೂರೂ ಟೇಪಿನಲ್ಲಿ ಹಾಗೇ, ಒಂದು ಮಾತಿಲ್ಲ. ಆಮೇಲೆ ಮಾವ ಕ್ಯಾಮೆರಾ ಆಫ್ ಮಾಡುವುದು ಮರೆತು ಜಗಲಿ ಮೇಲೆ ಇಟ್ಟು ಹೋಗಿದ್ದಾರೆ. ಹನ್ನೊಂದು ನಿಮಿಷ ಬರೀ ಕಂಬದ ಬುಡ, ಪಕ್ಕದಲ್ಲಿ ಒಂದು ತಾಮ್ರದ ಚೊಂಬು. ಆ ಚೊಂಬಿನ ಹಿಂದೆ ಎಲ್ಲಿಂದಲೋ ಅಜ್ಜಿ ಮಾತಾಡುತ್ತಾರೆ. ಹಿಟ್ಟಿಗೆ ಉಪ್ಪು ಜಾಸ್ತಿ ಆದದ್ದು, ಅಡಿಕೆ ರೇಟು, ಯಾರದೋ ಮದುವೆ. ನಡುವೆ ಜೋರಾಗಿ, "ತಮಾ, ಕಾಗೆ ಬಂತು ನೋಡಾ!" ಕರೆದದ್ದು ನನ್ನನ್ನೇ. ಆಗ ನನಗೆ ಏಳು ವರ್ಷ.

ಅಡುಗೆಮನೆಯಿಂದ ಅಮ್ಮ ಸಟ್ಟುಗ ಹಿಡಿದೇ ಬಂದು ನಿಂತರು. ಪರದೆಯ ಮೇಲೆ ಚೊಂಬು ಬಿಟ್ಟರೆ ಏನೂ ಇಲ್ಲ. "ನಮ್ಮಮ್ಮನ ದನಿ ಅಲ್ದಾ?" ಅಂದರು. ದೋಸೆ ಸೀದ ವಾಸನೆ ಬಂದರೂ ಕದಲಲಿಲ್ಲ.

ಟೇಪ್ ಹಾಕುವವರು ಖಾಲಿ ಅಂತ ಕಂಡ ಜಾಗವನ್ನು ಕತ್ತರಿಸಬೇಡಿ, ಕೊನೇ ತನಕ ಓಡಲು ಬಿಡಿ.

ಎರಡು ಹಾರ್ಡ್‌ಡಿಸ್ಕಿಗೆ ಹಾಕಿದ್ದೇನೆ. ಒಂದು ಮಾವನ ಮನೆಗೆ. ಇನ್ನೂ ಮೂರು ಟೇಪ್ ಬಾಕಿ, ನಾಳೆ ಕರೆಂಟ್ ಇದ್ದರೆ ಒಂದು ಮುಗಿಸುತ್ತೇನೆ.