ಕಣ್ಣೂರು ಸುತ್ತಿ ವಿರಾಜಪೇಟೆಗೆ: ವಿಮಾನದ ಒಂದು ಗಂಟೆಯ ಲೆಕ್ಕ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. ಆದರೂ "ಒಂದೇ ಗಂಟೆ, ವಿಮಾನದಲ್ಲಿ ಹೋಗಿಬಿಡಿ" ಅನ್ನುವವರು ಸಿಗುತ್ತಾರೆ. ಅವರು ಹೇಳುವುದು ಕಣ್ಣೂರು ವಿಮಾನ ನಿಲ್ದಾಣದ ವಿಷಯ. 2018ರ ಡಿಸೆಂಬರ್‌ನಲ್ಲಿ ಶುರುವಾದದ್ದು, ಇರುವುದು ಮಟ್ಟನ್ನೂರಿನಲ್ಲಿ. ದೇವನಹಳ್ಳಿಯಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 270 ಕಿ.ಮೀ. ತಮಾಷೆ ಏನೆಂದರೆ, ಆ ಗೆರೆ ಹಾದುಹೋಗುವುದೇ ದಕ್ಷಿಣ ಕೊಡಗಿನ ಮೇಲೆ. ಅಂದರೆ ಹೋಗಬೇಕಾದ ಜಾಗ ದಾಟಿ ಇಳಿದು, ಘಾಟಿ ಹತ್ತಿ ವಾಪಸ್ ಬರಬೇಕು.

ಹಾರಾಟ ಒಂದು ಗಂಟೆ, ನಿಜ. ಆದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ದೇವನಹಳ್ಳಿ ಮುಟ್ಟುವುದು, ಅಲ್ಲಿ ಕಾಯುವುದು, ಇಳಿದ ಮೇಲೆ ಬ್ಯಾಗಿಗೆ ಕಾಯುವುದು, ಆಮೇಲೆ ವಿರಾಜಪೇಟೆಗೆ ಹತ್ತಿರ ಹತ್ತಿರ 60 ಕಿ.ಮೀ. ಎಲ್ಲ ಸೇರಿ ನನಗೆ ಆರು ಗಂಟೆ ದಾಟಿತು. ಮೈಸೂರು ರಸ್ತೆಯ ಬಸ್ಸೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ಅಲ್ವಾ?

ಹೊಟ್ಟೆ ಉರಿದದ್ದು ಟ್ಯಾಕ್ಸಿಯಲ್ಲಿ. ಮೂರು ಸಾವಿರಕ್ಕೆ ಮಾತಾಗಿತ್ತು. ಇರಿಟ್ಟಿ ದಾಟಿ ರಾಜ್ಯದ ಗಡಿಯ ಕೂಟುಪುಳ ಬರುತ್ತಿದ್ದಂತೆ ಚಾಲಕ ಗಾಡಿ ಪಕ್ಕಕ್ಕೆ ಹಾಕಿದ. ಕರ್ನಾಟಕದ ಪರ್ಮಿಟ್ ದುಡ್ಡು ಬೇರೆ, ಖಾಲಿ ವಾಪಸ್ ಹೋಗುವುದಕ್ಕೆ ಬೇರೆ ಅಂದ. ಮುಂದೆ ಮಾಕುಟ್ಟದ ಕಾಡು, ಮೊಬೈಲ್ ಸಿಗ್ನಲ್ ಇಲ್ಲ, ಕತ್ತಲಾಗುತ್ತಿತ್ತು. ಜಗಳ ಆಡುವ ಜಾಗವೇ ಅದು? ಕೊಟ್ಟೆ. ನೀವು ಹತ್ತುವ ಮೊದಲೇ "ಪರ್ಮಿಟ್, ರಿಟರ್ನ್ ಎಲ್ಲ ಸೇರಿ ಎಷ್ಟು" ಅಂತ ಕೇಳಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಇನ್ನೂ ಒಳ್ಳೆಯದೆಂದರೆ ವಿರಾಜಪೇಟೆಯಿಂದಲೇ ಗಾಡಿ ಕರೆಸಿಕೊಳ್ಳುವುದು. ತಿರುವುಗಳಲ್ಲಿ ವಾಂತಿ ಬರುವವರು ಮುಂದಿನ ಸೀಟು ಹಿಡಿಯಿರಿ. ಜೋರು ಮಳೆಯಲ್ಲಿ ಈ ದಾರಿಯನ್ನು ನಂಬಬೇಡಿ, 2018ರಲ್ಲಿ ಗುಡ್ಡ ಕುಸಿದು ಮುಚ್ಚಿಯೇ ಹೋಗಿತ್ತು.

ಸಿಟ್ಟು ಇಳಿದದ್ದು ಮರುದಿನ ಮಧ್ಯಾಹ್ನದ ಊಟದಲ್ಲಿ. ವಿರಾಜಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ನಾಲ್ಕೇ ಮೇಜಿನ ಹೋಟೆಲ್, ಬೋರ್ಡ್ ಕೂಡ ಮಾಸಿದೆ. ಬಿಸಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಜೊತೆಗೆ ಪಂದಿ ಕರಿ (ಹಂದಿ ಮಾಂಸದ ಸಾರು). ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿರಸ ಬಿದ್ದ ಸಾರು ಕಪ್ಪಗೆ, ಹುಳಿ ನಾಲಿಗೆಯ ಅಂಚಿಗೆ ಹತ್ತುತ್ತದೆ. ಹಂದಿ ತಿನ್ನದವರಿಗೆ ಅಕ್ಕಿ ರೊಟ್ಟಿ, ಕಳಲೆಯ ಬೈಂಬಳೆ ಕರಿ. ಕಳಲೆ ಇಷ್ಟು ಮೆತ್ತಗೆ ಬೇಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ರೊಟ್ಟಿಗೆ ಅನ್ನ ಕಲಸಿ ತಟ್ಟುತ್ತಾರಂತೆ, ಅದಕ್ಕೇ ಆರಿದರೂ ಗಟ್ಟಿಯಾಗುವುದಿಲ್ಲ. ನಾನು ಕೇಳದೆಯೇ ಹೋಟೆಲಿನ ಅಕ್ಕ ಇನ್ನೊಂದು ಸೌಟು ಬಡಿಸಿದರು, ಅದಕ್ಕೆ ದುಡ್ಡು ಹಾಕಲಿಲ್ಲ. ಕಾಫಿ ಸೇರಿ ಇನ್ನೂರರೊಳಗೆ ಮುಗಿಯಿತು. ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೋದರೆ ಊಟ ಖಾಲಿ.

ಮಡಿಕೇರಿಗೂ ಹೋಗಿದ್ದೆ. ಭಾನುವಾರ ರಾಜಾಸೀಟ್‌ನಲ್ಲಿ ಬೆಟ್ಟ ಕಾಣಲಿಲ್ಲ, ಬರೀ ತಲೆಗಳು. ನನಗೆ ಜನಜಂಗುಳಿ ಆಗುವುದಿಲ್ಲ, ಬೇಗ ಹೊರಟುಬಿಟ್ಟೆ.

ಗಲ್ಫ್‌ನಿಂದ ನೇರ ವಿರಾಜಪೇಟೆ, ಗೋಣಿಕೊಪ್ಪ ಕಡೆ ಬರುವವರಿಗೆ ಕಣ್ಣೂರು ಸರಿ. ಮಡಿಕೇರಿಗಾದರೆ ಇನ್ನೂ 30 ಕಿ.ಮೀ. ಸೇರುತ್ತದೆ. ಬೆಂಗಳೂರಿನವರು ಸುಮ್ನೆ ರಾತ್ರಿ ಬಸ್ಸು ಹತ್ತಿ. ನಾನು ವಾಪಸ್ ಬಂದದ್ದೂ ಅದರಲ್ಲೇ, ವಿಮಾನದ ಟಿಕೆಟ್ ರದ್ದು ಮಾಡಿ.